ದೇವರಾಜನ ಹಿಂದೆ ಬಂದ ದೋಣಿ

ಮುಟ್ಟಳ್ಳಿಯ ದೇವರಾಜನಿಗೆ ಈಜು ಬಾರದು, ಸಮುದ್ರಕ್ಕೆ ಇಳಿದವನೂ ಅಲ್ಲ. ಆದರೂ ಭಟ್ಕಳದಿಂದ ಕುಮಟಾದವರೆಗೆ ಅವನಷ್ಟು ದೋಣಿ ನಡೆಸಿದವರು ಇನ್ನೊಬ್ಬರಿಲ್ಲ ಎಂದು ಊರವರು ತಮಾಷೆ ಮಾಡುತ್ತಾರೆ. ಅವನದು ಪಿಕಪ್ ಗಾಡಿ. ಹಿಂದೆ ಗಾಡಿಗಿಂತ ಉದ್ದದ ಟ್ರೇಲರ್, ಅದರ ಮೇಲೆ ಯಾರದ್ದೋ ಹೊಸ ಫೈಬರ್ ದೋಣಿ. ಕೊಂಡಿ ಸಿಕ್ಕಿಸಿ, ಸರಪಳಿ ಬಿಗಿದು, ಟೈರಿನ ಗಾಳಿ ನೋಡಿ, ಒಂದು ಪ್ರದಕ್ಷಿಣೆ ಹಾಕದೆ ಅವನು ಸ್ಟೇರಿಂಗ್ ಮುಟ್ಟುವುದಿಲ್ಲ. ಹೊರಟ ಮೇಲೆ ಮಾತ್ರ ಬೇರೆಯೇ ಮನುಷ್ಯ. ಕನ್ನಡಿಯಲ್ಲಿ ದೋಣಿ ಗದ್ದೆ, ತೆಂಗಿನ ತೋಟ, ಪೆಟ್ರೋಲ್ ಬಂಕುಗಳ ನಡುವೆ ತೇಲಿ ಬರುತ್ತಿರುತ್ತದೆ. ಇವನು ತನ್ನಷ್ಟಕ್ಕೆ ನಗುತ್ತ, ಲಾರಿಗಳಿಗೆಲ್ಲ ದಾರಿ ಬಿಟ್ಟುಕೊಡುತ್ತ ಹೋಗುತ್ತಾನೆ.

ಆ ದಿನ ಭಟ್ಕಳದಿಂದ ಒಯ್ಯಬೇಕಾಗಿದ್ದದ್ದು ಹಿರೇಗುತ್ತಿಯ ಗಣಪಿಯ ದೋಣಿ. ಗಂಡ ಸಮುದ್ರದಲ್ಲೇ ಹೋದವನು. ಎಷ್ಟೋ ವರ್ಷದ ಮೇಲೆ ಆ ಮನೆಗೆ ಮತ್ತೆ ದೋಣಿ ಬರುತ್ತಿತ್ತು. ಮಗ ಮೋಹನ ದಡದಲ್ಲಿ ಪೂಜೆಗೆ ಅಣಿ ಮಾಡಲು ಬೈಕಿನಲ್ಲಿ ಮುಂದೆ ಹೋಗಿದ್ದ. ಬಲೆ ಗಣಪಿಗೆ ಭಟ್ಕಳದ ತವರಿನವರು ಕೊಟ್ಟ ಉಡುಗೊರೆ. ಹೊಸ ದೋಣಿ ನೀರು ಕಾಣುವ ತನಕ, ಅದರಲ್ಲಿ ಬಲೆ ಇಟ್ಟ ಕೈಯಲ್ಲದೆ ಬೇರೆ ಕೈ ಆ ಬಲೆಗೆ ತಾಗಬಾರದು ಎಂಬುದು ಅವರ ಮನೆಯ ಪದ್ಧತಿ. ಗಣಪಿ ತಾನೇ ಹತ್ತಿ, ಬಲೆಯನ್ನೆಲ್ಲ ದೋಣಿಯ ಹಿಂಬದಿಗೆ ಒಟ್ಟಿದಳು. ನೀರಿನಲ್ಲಾದರೆ ಅದೇ ಸರಿ. ಹಿಂದೆ ಭಾರವಿದ್ದರೆ ಮೂತಿ ಎದ್ದು ತೆರೆ ಹತ್ತುತ್ತದೆ. ರಸ್ತೆಯಲ್ಲಿ ಅದೇ ತಪ್ಪು. ಹಿಂದೆ ಭಾರವಾದ ಟ್ರೇಲರ್ ಬಾಲ ಬೀಸುತ್ತದೆ, ಕೊನೆಗೆ ಎಳೆಯುವ ಗಾಡಿಯನ್ನೂ ಕೆಡವುತ್ತದೆ.

ದೇವರಾಜನಿಗೆ ಇದು ಗೊತ್ತಿತ್ತು. ಆದರೆ ಮುದುಕಿ ದೋಣಿಯ ಮೂತಿಗೆ ಕುಂಕುಮ ಹಚ್ಚಿ, ಕಣ್ಣೊರೆಸಿಕೊಂಡು, ಅವನ ಪಕ್ಕದ ಸೀಟಿನಲ್ಲಿ ಬಂದು ಕೂತಿದ್ದಳು. ಹೊರಟವರ ಎದುರು ಕೆಟ್ಟ ಮಾತು ಆಡುವುದು ಹೇಗೆ? ನಿಧಾನ ಹೋದರಾಯಿತು ಎಂದು ಮಾತು ನುಂಗಿಕೊಂಡ, ಪುಣ್ಯಾತ್ಮ.

ಶರಾವತಿ ಸೇತುವೆಯ ಮೇಲೆ ಬೆಳಗಿನ ಮಂಜು ಇನ್ನೂ ಇತ್ತು. ದೋಣಿ ನೀರಿನ ಮೇಲೆಯೇ ಹೋಗುತ್ತಿತ್ತು, ನೀರು ಮಾತ್ರ ಬಹಳ ಕೆಳಗಿತ್ತು. ಹೊನ್ನಾವರ ದಾಟಿ ಇಳಿಜಾರು ಸಿಕ್ಕಿತು. ಸೀಟು ಮೆಲ್ಲಗೆ ತೂಗತೊಡಗಿತು. ತೊಟ್ಟಿಲಲ್ಲಿಟ್ಟ ಹಾಗೆ ಗಣಪಿ ಕಣ್ಣು ಮುಚ್ಚಿದಳು, ಮುಖದಲ್ಲಿ ನಗು. ದೇವರಾಜ ಕನ್ನಡಿ ನೋಡಿದ. ದೋಣಿ ಒಮ್ಮೆ ಎಡಗನ್ನಡಿ ತುಂಬುತ್ತಿತ್ತು, ಒಮ್ಮೆ ಬಲಗನ್ನಡಿ. ಕಾಲು ಬ್ರೇಕಿನ ಕಡೆ ಓಡಿತು. ಒತ್ತಿದರೆ ಟ್ರೇಲರ್ ಇನ್ನೂ ಜೋರಾಗಿ ಬೀಸಿ ಎಲ್ಲ ಮುಗಿಯಿತು. ಎಕ್ಸಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ಆಚೀಚೆ ತಿರುಗಿಸದೆ ನೆಟ್ಟಗೆ ಹಿಡಿದು ಕೂತ. ವೇಗ ಇಳಿಯಿತು, ತೂಗಾಟವೂ ಇಳಿಯಿತು. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ.

"ಗಣಪಕ್ಕ, ಬಲೆ ಮುಂದೆ ಬರೂಕೆ ಬೇಕು. ಇಲ್ಲಾಂದ್ರೆ ನಾ ಗಾಡಿ ತೆಗೂದಿಲ್ಲ" ಎಂದ. ಏಕೆ ಎಂಬುದನ್ನೂ ಹೇಳಿದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ದೋಣಿ ಹತ್ತಿದಳು. ಅವನು ಕೈ ಹಚ್ಚುವಂತಿಲ್ಲ. ಮಡಿಕೆ ಮಡಿಕೆಯಾಗಿ ಆ ಬಲೆಯನ್ನೆಲ್ಲ ಒಬ್ಬಳೇ ಮುಂದಕ್ಕೆ ಎಳೆದು ತಂದಳು. ಕೆಳಗೆ ನಿಂತವನಿಗೆ ಅವಳ ಏದುಸಿರು ಕೇಳುತ್ತಿತ್ತು. ನೋಡಲಾರದೆ ಬೇರೆ ಕಡೆ ತಿರುಗಿದ. ಮುಗಿಸಿ ಅಂಚಿನ ಮೇಲೆ ಕೂತು ಕೇಳಿದಳು:

"ಹೊರಡುವಾಗ್ಲೇ ನಿಂಗೆ ಗೊತ್ತಿತ್ತನಾ?"

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ಹೊರಡುವ ಹೊತ್ತಿಗೆ ಅಪಶಕುನ ಯಾಕೆಂದು ಸುಮ್ಮನಿದ್ದೆ ಎಂದ. ಅವಳು ಸೊಂಟದ ಸೆರಗು ಬಿಡಿಸಿ ಮುಖದ ಬೆವರು ಒರೆಸಿಕೊಂಡಳು. ಸಿಟ್ಟೇನೂ ಇರಲಿಲ್ಲ.

"ಮೋಹನನ ಅಪ್ಪ ಹೊರಟ ದಿನ ಗಾಳಿ ಏಳ್ತದೆ ಅಂತ ದಡದಲ್ಲಿದ್ದವ್ರಿಗೆಲ್ಲ ಗೊತ್ತಿತ್ತಂತೆ, ತಮ್ಮಾ. ಅಪಶಕುನ ಆಗ್ತದೆ ಅಂತ ಒಬ್ರೂ ಬಾಯಿ ಬಿಡ್ಲಿಲ್ಲ."