ಸ್ಟೇಷನ್ನಿನಲ್ಲಿ ನಿಂತ ತಾತ

ಇತ್ತೀಚೆಗೆ ನಾನು ನಮ್ಮ ಡೈನಿಂಗ್ ಹಾಲಿಗೆ ಸೆರಗು ಸರಿಮಾಡಿಕೊಂಡೇ ಹೋಗುತ್ತಿದ್ದೆ. ಅಲ್ಲಿ ಗೋಡೆಯ ಮೇಲೆ ನಿಮ್ಮ ತಾತ, ಅಂದರೆ ನಮ್ಮ ಯಜಮಾನರು, ಇದ್ದರು.

ಫೋಟೋ ಅಲ್ಲ, ಮಕ್ಕಳೇ. ಹಾರ ಹಾಕಿದ ಫೋಟೋ ನನ್ನ ರೂಮಿನಲ್ಲಿದೆ. ಅದರಲ್ಲಿ ಸ್ಟುಡಿಯೋದವನ ಕೋಟು ತೊಟ್ಟು, "ಸ್ವಲ್ಪ ನಗಿ ಸಾರ್" ಅಂದದ್ದಕ್ಕೆ ಗಾಬರಿಯಾದ ಯಾರೋ ಕೂತಿದ್ದಾರೆ. ಮೂಗು, ಮೀಸೆ, ಕಿವಿ ಎಲ್ಲ ಸರಿಯಾಗಿವೆ. ನಿಮ್ಮ ತಾತ ಮಾತ್ರ ಅದರಲ್ಲಿಲ್ಲ.

ಹಾಲಿನಲ್ಲಿದ್ದದ್ದು ಅನ್ವಿ ಬರೆದ ಚಿತ್ರ. (ಅನ್ವಿ ನನ್ನ ಮಗಳು ಶುಭಾಳ ಮಗಳು. ಹುಟ್ಟಿ ಬೆಳೆದದ್ದು ಇಲ್ಲಿ ನೈರೋಬಿಯಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.) ಜಪಾನಿನ ಕೆಲವು ಕಲಾವಿದರನ್ನು ನೋಡಿ ಕಲಿತಳಂತೆ. ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬುವುದು. ಪಿಕ್ಸೆಲ್ ಆರ್ಟ್ ಎಂದು ಹೆಸರು. ಹಳೇ ವಿಡಿಯೋ ಗೇಮುಗಳಲ್ಲಿ ಚಿತ್ರ ಹೀಗೇ ಇರುತ್ತಿತ್ತು, ಯಾಕೆಂದರೆ ಆಗಿನ ಯಂತ್ರಗಳಿಗೆ ಅಷ್ಟೇ ಬರುತ್ತಿತ್ತು. ಈಗಿನ ಯಂತ್ರ ಕಣ್ಣಿನ ರೆಪ್ಪೆಯನ್ನೂ ಎಣಿಸಿ ತೋರಿಸುತ್ತದೆ. ಆದರೂ ಇವರು ಬೇಕೆಂದೇ ಚೌಕದಲ್ಲಿ ಬರೆಯುತ್ತಾರೆ.

ಯಾಕೆ ಎಂದು ಕೇಳಿದೆ.

"ಯು ಹ್ಯಾವ್ ಟು ಫಿಲ್ ಇನ್ ದ ರೆಸ್ಟ್, ಅಜ್ಜಿ" ಅಂದಳು. ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳಬೇಕಂತೆ. (ತುಂಬಿಕೊಂಡೆ. ತಪ್ಪು ನನ್ನದಾ?)

ಚಿತ್ರದಲ್ಲಿ ರಾತ್ರಿ. ಮಳೆ. ಸಣ್ಣದೊಂದು ರೈಲ್ವೆ ಸ್ಟೇಷನ್ನು, ಒಂದು ಖಾಲಿ ಬೆಂಚು. ಬೆಂಚಿನ ಪಕ್ಕದಲ್ಲಿ ಒಬ್ಬರು ನೆಟ್ಟಗೆ ನಿಂತಿದ್ದಾರೆ. ನೀಲಿ ಮೈ, ಬಿಳಿ ತಲೆ, ಎದೆಯ ಹತ್ತಿರ ಒಂದೇ ಒಂದು ಕೆಂಪು ಚೌಕ.

ನೀಲಿ ಸ್ವೆಟರು. ನರೆತ ಕೂದಲು. ಜೇಬಿನಲ್ಲಿ ಮೇಷ್ಟರ ಕೆಂಪು ಪೆನ್ನು. ಬೆಂಚು ಖಾಲಿಯಿದ್ದರೂ ಕೂರದೆ, ಕೂತರೆ ರೈಲೇ ಬರುವುದಿಲ್ಲ ಎನ್ನುವ ಹಾಗೆ ನಿಂತವರು ಇನ್ಯಾರು?

ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಬೆಳಗಿನ ಕಾಫಿಯನ್ನು ಅಲ್ಲಿ ಕೂತು ಕುಡಿಯತೊಡಗಿದೆ. ಅಲ್ಲಿದ್ದಾಗ ಫೋನಿನಲ್ಲಿ ಜೋರಾಗಿ ಮಾತಾಡುವುದನ್ನು ಬಿಟ್ಟೆ. ಎರಡನೇ ಸಲ ಕೇಸರಿಬಾತು ಹಾಕಿಕೊಳ್ಳುವಾಗ ಗೋಡೆಗೆ ಬೆನ್ನು ತಿರುಗಿಸಿದೆ. (ನನ್ನ ಶುಗರಿನ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು.) ದಿನಾ ಫ್ರೇಮಿಗೆ ಒಂದು ದಾಸವಾಳ ಸಿಕ್ಕಿಸುತ್ತಿದ್ದೆ. ಮನೆಯವರು ಅಲಂಕಾರ ಎಂದುಕೊಂಡರು.

ಮನೆಗೆಲಸಕ್ಕೆ ಬರುವ ಗ್ರೇಸ್ ಮಾತ್ರ ಒಂದು ದಿನ ಯಾರಿದು ಎಂದು ಕೇಳಿದಳು. ಮೆಲ್ಲಗೆ "ಬಾಬು" ಅಂದೆ. ಸ್ವಾಹಿಲಿಯಲ್ಲಿ ಬಾಬು ಎಂದರೆ ತಾತ. ಅವಳು ಒರೆಸುವ ಬಟ್ಟೆ ಕೆಳಗಿಟ್ಟು, ಹಿರಿಯರಿಗೆ ನಮಸ್ಕಾರ ಹೇಳುವ ಹಾಗೆ, "ಶಿಕಾಮೂ, ಬಾಬು" ಅಂದಳು. ಅಂದಿನಿಂದ ಶಿಕಾಮೂ ಆದ ಮೇಲೆಯೇ ಗಾಜು ಒರೆಸುವುದು. ಗಿಗಿರಿ ಬಡಾವಣೆಯ ಆಫೀಸಿಗೆ ಹೊರಟಿದ್ದ ನಮ್ಮ ಅಳಿಯಂದಿರು ಇದನ್ನು ಕೇಳಿ, ತಮಗೇ ಹೇಳಿದಳೆಂದುಕೊಂಡು "ಮರಹಬಾ" ಎಂದು ಉತ್ತರ ಕೊಟ್ಟರು. ಕೊಟ್ಟು, ಹೊರಡುವ ಮುಂಚೆ ಕನ್ನಡಿಯಲ್ಲಿ ತಲೆಕೂದಲು ನೋಡಿಕೊಂಡರು.

ಹೀಗೆ ಎಲ್ಲ ಚೆನ್ನಾಗಿತ್ತು. ಶನಿವಾರ ಅನ್ವಿ ಕುರ್ಚಿ ಹತ್ತಿ ಚಿತ್ರವನ್ನು ಇಳಿಸಿದಳು. ಅವಳ ಸ್ಕೂಲಿನ ಲೈಬ್ರರಿಯಲ್ಲಿ ಅದನ್ನು ಕಾಯಂ ಆಗಿ ಹಾಕುತ್ತಾರಂತೆ. ಹುಡುಗಿಯ ಮುಖದಲ್ಲಿ ಸಂಭ್ರಮವೋ ಸಂಭ್ರಮ. ನಾನು ಹೇಗೆ ಬೇಡ ಎನ್ನಲಿ? ಅವಳು ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಸಿ, ಚಿತ್ರವನ್ನು ಅದರ ಮೇಲೆ ಬೋರಲು ಹಾಕಿದಳು.

"ತಾತನ್ನ ಬೋರಲು ಮಲಗಿಸಬೇಡ ಕಣೇ. ಉಸಿರು ಕಟ್ಟುತ್ತೆ."

ಹೇಳಿದ್ದು ನಾನೇ ಎಂದು ನನಗೆ ಆಮೇಲೆ ಗೊತ್ತಾಯಿತು.

"ವಿಚ್ ತಾತಾ?"

ತೋರಿಸಿದೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು.

"ಅಜ್ಜಿ... ದಟ್ಸ್ ಎ ವೆಂಡಿಂಗ್ ಮಷೀನ್."

ದುಡ್ಡು ಹಾಕಿದರೆ ಜ್ಯೂಸು, ಕಾಫಿ ಕೊಡುವ ಪೆಟ್ಟಿಗೆ. ಜಪಾನಿನ ಸ್ಟೇಷನ್ನುಗಳಲ್ಲಿ ಇರುತ್ತವಂತೆ. ಬಿಳಿ ತಲೆ ಅದರ ಲೈಟು. ಕೆಂಪು ಪೆನ್ನು ಒತ್ತುವ ಬಟನ್ನು.

ಅಳಿಯಂದಿರು ಕೆಮ್ಮುತ್ತಾ ಅಡುಗೆಮನೆಗೆ ಹೋದರು. ಆ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಾನು ಸೆರಗು ಸರಿಮಾಡಿಕೊಂಡೆ. ಯಾರ ಮುಂದೆ? ಜ್ಯೂಸಿನ ಪೆಟ್ಟಿಗೆಯ ಮುಂದೆ.

ಅನ್ವಿ ಪಾಪ, ಸಮಾಧಾನಕ್ಕೆ ನಿಂತಳು. ಚಿತ್ರ ಕಂಪ್ಯೂಟರಿನಲ್ಲೇ ಇದೆಯಂತೆ, ಬೇಕಾದರೆ ಹತ್ತು ಪ್ರಿಂಟ್ ಹಾಕಿಸುತ್ತಾಳಂತೆ. (ಒಬ್ಬರನ್ನು ಸಂಭಾಳಿಸುವಷ್ಟರಲ್ಲೇ ನನಗೆ ಸಾಕುಸಾಕಾಗಿತ್ತು.) ಇಲ್ಲವಾದರೆ ಫೋಟೋ ನೋಡಿ, ಮೀಸೆ ಸಮೇತ ನಿಜವಾದ ತಾತನನ್ನೇ ಬರೆದುಕೊಡುತ್ತಾಳಂತೆ. ಬೇಡ ಅಂದೆ. ಮೀಸೆ ಬಂದರೆ ಅವರು ಹೊರಟುಹೋಗುತ್ತಾರೆ.

ಅಲ್ಲೇ ಇದ್ದ ಶುಭಾ ಚಿತ್ರವನ್ನು ಎತ್ತಿ ಗೋಡೆಗೆ ಒರಗಿಸಿದಳು. ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಳು.

"ಅಮ್ಮ, ಅಪ್ಪ ನನ್ನನ್ನ ಹಾಸ್ಟೆಲಿಂದ ಕರ್ಕೊಂಡು ಹೋಗೋಕೆ ಬಂದಾಗ ಹೀಗೇ ನಿಂತಿರ್ತಿದ್ರು. ಕೂತ್ಕೊಳಪ್ಪ ಅಂದ್ರೂ ಕೂರ್ತಿರ್ಲಿಲ್ಲ."

ಅಡುಗೆಮನೆಯ ಕೆಮ್ಮು ನಿಂತಿತು.

ಸ್ಕೂಲಿಗೆ ಹೊಸ ಪ್ರಿಂಟ್ ಹೋಯಿತು. ಇದು ಮತ್ತೆ ಗೋಡೆ ಹತ್ತಿತು. ಗ್ರೇಸ್‌ಗೆ ನಾವ್ಯಾರೂ ಏನೂ ಹೇಳಿಲ್ಲ. ಅವಳ ಶಿಕಾಮೂಗೆ ಈಗ ಅಳಿಯಂದಿರೇ ತಾತನ ಪರವಾಗಿ ಮರಹಬಾ ಹೇಳುತ್ತಾರೆ.

ಅನ್ವಿ ಮಾತ್ರ ಬಿಟ್ಟಿಲ್ಲ. ಅದು ಬರೀ ಯಂತ್ರ ಎಂದು ನನಗೆ ತಿಳಿಸಿಯೇ ತೀರುತ್ತಾಳಂತೆ. ನಿನ್ನೆ ಪಕ್ಕದಲ್ಲಿ ಕೂತು ವಿವರಿಸಿದಳು: ಬಟನ್ ಒತ್ತಿದ ಮೇಲೂ ಸ್ವಲ್ಪ ಹೊತ್ತು ಅದು ಸುಮ್ಮನೆ ನಿಂತಿರುತ್ತದೆ, ಆಮೇಲೆ ಒಳಗೊಳಗೇ ಗೊಣಗುತ್ತದೆ, ಕೆಲವು ಸಲ ಒಂದು ಗುದ್ದೂ ಬೇಕಾಗುತ್ತದೆ, ಆದರೆ ಕೊನೆಗೆ ಕೇಳಿದ್ದನ್ನು ಕೊಟ್ಟೇ ಕೊಡುತ್ತದೆ.

ಇಷ್ಟೆಲ್ಲ ಹೇಳಿ, ಅದು ತಾತ ಅಲ್ಲ ಅಂತಾಳಲ್ಲ?