ಇಸ್ತ್ರಿ ಮಾಡಿ ಒಣಹಾಕಿದ ಬಟ್ಟೆ

ಇಸ್ತ್ರಿ ಅಕ್ಕ ಗಂಜಿ ಹಾಕಿ ತೀಡಿದ ಶರ್ಟಿಗೆ ಒಳಗೆ ಮನುಷ್ಯನ ಅಗತ್ಯವಿರಲಿಲ್ಲ. ಅದು ತಾನಾಗಿಯೇ ನಿಲ್ಲುತ್ತಿತ್ತು. ಪುರಸಭೆ ಅಧ್ಯಕ್ಷರ ಬಿಳಿ ಶರ್ಟು ಒಮ್ಮೆ, ಅವರು ಬರುವುದು ತಡವಾಯಿತೆಂದು, ಕುರ್ಚಿಯಲ್ಲಿ ತಾನೇ ಕೂತು ಅರ್ಧ ಸಭೆ ನಡೆಸಿತ್ತು. ಆ ಅರ್ಧದಲ್ಲಿ ಆದ ತೀರ್ಮಾನಗಳನ್ನು ಊರಿನವರು ಇಂದಿಗೂ ಹೊಗಳುತ್ತಾರೆ. ಆಕೆ ತೆಗೆದ ಪ್ಯಾಂಟಿನ ಗೆರೆಯಲ್ಲಿ ಬೇಕರಿಯವನು ಬ್ರೆಡ್ಡು ಕೊಯ್ಯುತ್ತಿದ್ದ. ಚಾಕು ಮೊಂಡಾದ ದಿನ ಮಾತ್ರ.

ಅಂಗಡಿಯೆಂದರೆ ಬೀದಿಗೆ ತೆರೆದ ಒಂದು ಉದ್ದ ಕೋಣೆ. ನಡುವೆ ಮೇಜು, ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಸುಟ್ಟ ಕಲೆಗಳ ದುಪ್ಪಟಿ. ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ. ಇದ್ದಿಲು ತುಂಬುವ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ಅದನ್ನು ಎತ್ತಿಟ್ಟರೆ ಪಕ್ಕದ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಈಗ ಅಲುಗಲು ಪಕ್ಕದ ಮನೆಯಲ್ಲಿ ಪಾತ್ರೆಗಳಿರಲಿಲ್ಲ.

ನೂಲಿನ ಗಿರಣಿ ಮುಚ್ಚಿದ ಮೇಲೆ ಊರು ಹೀಗಾಯಿತು. ಮೊದಲು ಹರೆಯದವರು ಹೋದರು, ಆಮೇಲೆ ಅವರಿಗೆ ಬುದ್ಧಿ ಹೇಳಲು ಹಿರಿಯರು ಹೋದರು. ಕಳ್ಳನಂತೂ ಹೊಟ್ಟೆಪಾಡು ನಡೆಯದೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡ. ಎಲ್ಲರೂ ಅವಸರದಲ್ಲಿದ್ದರು. ಹೋಗುವಾಗ ಅಂಗಡಿಯ ಮುಂದೆ ಗಾಡಿಯಿಂದಲೇ ಕೂಗಿ ಹೇಳಿದರು: "ಅಕ್ಕಾ, ಬಟ್ಟೆ ಇರ್ಲಿ, ಬಂದು ತಗೊಂಡು ಹೋಗ್ತೀವಿ!"

ಅಕ್ಕ ಇಟ್ಟುಕೊಂಡಳು. ಗೋಡೆಯುದ್ದದ ಹಲಗೆಗಳ ಮೇಲೆ ಊರಿಗೆ ಊರೇ ಮಡಚಿ ಕೂತಿತ್ತು. ಇಟ್ಟಲ್ಲೇ ಇಟ್ಟರೆ ಗೆರೆ ಸಡಿಲವಾಗುತ್ತದೆಂದು ವಾರಕ್ಕೊಮ್ಮೆ ಬಿಚ್ಚಿ, ನೀರು ಚಿಮುಕಿಸಿ, ಮತ್ತೆ ತೀಡುತ್ತಿದ್ದಳು. ಮೈಯಿಲ್ಲದ ಬಟ್ಟೆಗಳಿಗೆ ಇಷ್ಟು ಸೇವೆ ಬೇರೆಲ್ಲೂ ಸಿಕ್ಕಿರಲಾರದು.

ದೊಡ್ಡ ಊರಿನಲ್ಲಿದ್ದ ತಂಗಿ ಫೋನು ಮಾಡಿದಾಗಲೆಲ್ಲ ಇದೇ ಮಾತು. "ಅಕ್ಕಾ, ಬಂದ್ಬಿಡೇ. ಇಲ್ಲಿ ಮಷೀನೇ ಒಗೆಯತ್ತೆ, ಮಷೀನೇ ಹಿಂಡತ್ತೆ. ನಮ್ಮನೆಯವರು ಸುಕ್ಕೇ ಬೀಳದಿರೋ ಬಟ್ಟೆ ಹಾಕ್ಕೋತಾರೆ. ನೀನು ಸುಮ್ನೆ ಕೂತ್ಕೊಂಡಿದ್ರೆ ಸಾಕು."

ತಂಗಿ ಪ್ರೀತಿಯಿಂದಲೇ ಹೇಳುತ್ತಿದ್ದಳು. ಸುಕ್ಕೇ ಬೀಳದ ಶರ್ಟುಗಳಿರುವ ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನೆನೆದು ಅಕ್ಕ ಫೋನಿಡುವ ಮೊದಲೇ ಇನ್ನೊಂದು ಶರ್ಟಿಗೆ ನೀರು ಚಿಮುಕಿಸುತ್ತಿದ್ದಳು.

ಹೀಗಿರುವಾಗ ಸರ್ಕಾರದಿಂದ 'ಬನ್ನಿ, ನೆಲೆಸಿ' ಎಂಬ ಯೋಜನೆ ಬಂತು. ಹೊರಗಿನಿಂದ ಕಸುಬು ಬಲ್ಲವರು ಬಂದು ಊರಲ್ಲಿ ನೆಲೆಸಿದರೆ ಅವರಿಗೆ ಮನೆ ಪುಕ್ಕಟೆ, ಕಸುಬು ಶುರು ಮಾಡಲು ಸಹಾಯಧನ. ಅಕ್ಕ ಅಧ್ಯಕ್ಷರನ್ನು ಕೇಳಿದಳು: "ನನಗೂ ಕಸುಬು ಗೊತ್ತಲ್ಲ, ಅಧ್ಯಕ್ಷರೇ. ನನಗಿಲ್ವಾ?"

"ನೀನು ಹೊರಗಿಂದ ಬಂದಿಲ್ವಲ್ಲಕ್ಕ."

"ನಾನು ಹೋಗೇ ಇಲ್ವಲ್ಲ."

"ಅದೇ ತೊಂದ್ರೆ ಆಗಿರೋದು," ಎಂದರು ಅಧ್ಯಕ್ಷರು ಬಹಳ ಮರುಕದಿಂದ.

ಮೊದಲು ಒಬ್ಬ ಚಿತ್ರಕಾರ ಬಂದ. ಬೀದಿಯ ತುದಿಯಲ್ಲಿ ಸ್ಟ್ಯಾಂಡು ನಿಲ್ಲಿಸಿ ಬಹಳ ಹೊತ್ತು ನೋಡಿ, ಬಿಳಿ ಹಾಳೆಯನ್ನು ಹಾಗೇ ಸುತ್ತಿಕೊಂಡು ಹೊರಟುಹೋದ. ನೋಡಿದವರು ಚಿತ್ರ ತದ್ರೂಪ ಬಂದಿದೆ ಎಂದರು. ಆಮೇಲೆ ಬಂದ ರೇಡಿಯೋ ರಿಪೇರಿಯವನು ಬಸ್ಸಿನಿಂದ ಇಳಿಯಲೇ ಇಲ್ಲ.

ಒಂದು ಬೆಳಗ್ಗೆ ಅಧ್ಯಕ್ಷರು ಕೆನ್ನೆಗೆ ಟವೆಲ್ಲು ಕಟ್ಟಿಕೊಂಡು ಅಂಗಡಿಗೆ ಬಂದರು. ಊರಿನಲ್ಲಿ ಉಳಿದವರೆಲ್ಲ ಆಗ ಹಾಗೇ ಇದ್ದರು. ಹಿಂದೆ ಹಲ್ಲು ಕೀಳುತ್ತಿದ್ದವನು ಬಡಗಿ. ಅವನು ಊರು ಬಿಡುವಾಗ ಇಕ್ಕಳವನ್ನೂ ಒಯ್ದಿದ್ದ. ಅಂದಿನಿಂದ ಎಲ್ಲರೂ ಒಂದೇ ದವಡೆಯಲ್ಲಿ ಮಾತಾಡುತ್ತಿದ್ದರು.

"ಅಕ್ಕಾ, ನಾಳೆ ಹಲ್ಲಿನ ಡಾಕ್ಟರಮ್ಮ ಊರು ನೋಡೋಕೆ ಬರ್ತಿದ್ದಾರೆ. ಜೊತೇಲಿ ಅವರ ಅತ್ತೆ. ಮಗ ಫೋನಲ್ಲೇ ಹೇಳ್ಬಿಟ್ಟಿದ್ದಾನೆ, ಅಮ್ಮ ಹೂಂ ಅಂದ್ರೆ ನಾನೂ ಹೂಂ ಅಂತ. ಆ ಅತ್ತೆಗೆ ಖಾಲಿ ಬೀದಿ ಕಂಡ್ರೆ ಆಗಲ್ಲವಂತೆ."

"ಮತ್ತೆ ಈ ಬೀದೀಲಿ ನಾನೊಬ್ಬಳೇ ಇರೋದಲ್ವಾ?"

"ಅದಕ್ಕೇ ಬಂದೆ. ಈ ಸಲವೂ ಯಾರೂ ನಿಲ್ಲಲಿಲ್ಲ ಅಂದ್ರೆ ಯೋಜನೆ ಪಕ್ಕದೂರಿಗೆ ಹೋಗತ್ತೆ. ಒಬ್ಬಳಿಗೋಸ್ಕರ ಇಡೀ ಬೀದಿಗೆ ನೀರು ಬಿಡೋಕಾಗಲ್ಲ ಅಂತ ಮೇಲಿನವರು ಹೇಳಿಬಿಟ್ಟಿದ್ದಾರೆ. ನಲ್ಲಿ ಬಂದ್."

ನೀರಿಲ್ಲದೆ ಬಟ್ಟೆ ಒಗೆಯುವುದನ್ನು ಅಕ್ಕ ಕಲಿತಿರಲಿಲ್ಲ. ತಂಗಿಯ ಮನೆಯ ಸೋಫಾ ಕಣ್ಮುಂದೆ ಬಂತು. "ಏನ್ ಮಾಡ್ಬೇಕು ಹೇಳಿ," ಎಂದಳು.

ಅಧ್ಯಕ್ಷರು ಹಲಗೆಗಳ ಕಡೆ ಕೈ ತೋರಿಸಿದರು. "ಅಷ್ಟು ಜನ ಇಲ್ಲೇ ಇದ್ದಾರಲ್ಲ. ತೆಗೆದು ಆಯಾ ಮನೆ ಮುಂದೆ ಹಗ್ಗಕ್ಕೆ ಹಾಕು. ಹಗ್ಗದ ಮೇಲೆ ಬಟ್ಟೆ ಇದ್ರೆ ಒಳಗೆ ಜನ ಇದ್ದ ಹಾಗೆ."

ಅಧ್ಯಕ್ಷರ ಆಯುಷ್ಯದಲ್ಲಿ ಬಂದ ಒಳ್ಳೆಯ ಯೋಚನೆ ಅದೊಂದೇ. ಅದು ಕೂಡ ಶರ್ಟಿನದೇ ಇರಬೇಕು.

ಮರುದಿನ ಬೆಳಕು ಹರಿಯುವ ಮೊದಲೇ ಅಕ್ಕ ಕೆಲಸಕ್ಕಿಳಿದಳು. ಯಾರ ಬಟ್ಟೆ ಯಾವ ಮನೆಯದೆಂದು ಆಕೆ ಯಾರನ್ನೂ ಕೇಳಬೇಕಿರಲಿಲ್ಲ. ಬಡಗಿಯ ಚೌಕಳಿ ಶರ್ಟು ಬಡಗಿಯ ಮನೆಗೆ. ಗಿರಣಿ ಮೇಸ್ತ್ರಿಯ ಖಾಕಿ ಪ್ಯಾಂಟು ಅವನ ಅಂಗಳಕ್ಕೆ. ಟೀಚರಮ್ಮನ ಮಗಳ ಹಳದಿ ಫ್ರಾಕು, ಆ ಮಗಳಿಗೇ ಈಗ ಮಗಳಿದ್ದರೂ, ಅದೇ ಕಿಟಕಿಯ ಕೆಳಗೆ. ಹೊತ್ತು ಏರುವಷ್ಟರಲ್ಲಿ ಬೀದಿ ಎಷ್ಟು ತುಂಬಿಹೋಗಿತ್ತೆಂದರೆ, ದಾರಿ ತಪ್ಪಿ ಬಂದ ಒಬ್ಬ ತರಕಾರಿಯವನು ಗಾಡಿ ನಿಲ್ಲಿಸಿ, ಗಿರಾಕಿಗಳು ಹೊರಗೆ ಬರುತ್ತಾರೆಂದು ಗಂಟಲು ಹರಿಯುವ ಹಾಗೆ ಕೂಗಿದ. ಮೇಸ್ತ್ರಿಯ ಪ್ಯಾಂಟು ಬದನೆಕಾಯಿಗೆ ಚೌಕಾಸಿ ಮಾಡಿತೆಂದೂ ಹೇಳುವವರಿದ್ದಾರೆ.

ಡಾಕ್ಟರಮ್ಮ ಮತ್ತು ಅತ್ತೆ ಬಂದರು. ಡಾಕ್ಟರಮ್ಮನ ಕೈಯಲ್ಲಿ ಹಲ್ಲಿನ ಸಾಮಾನಿನ ಬ್ಯಾಗು, ಅತ್ತೆಯ ಮೈಮೇಲೆ ಪ್ರಯಾಣದಲ್ಲಿ ಮುದುಡಿದ ಬೂದಿ ಬಣ್ಣದ ಉದ್ದ ಕೋಟು. ಅಧ್ಯಕ್ಷರು ಟವೆಲ್ಲು ಬಿಚ್ಚಿ ಜೇಬಿಗೆ ತುರುಕಿ, ಒಂದೇ ದವಡೆಯಲ್ಲಿ ಸ್ವಾಗತ ಭಾಷಣ ಮಾಡಿದರು. ಅಕ್ಕ ಅಂಗಡಿಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಪರವಾಗಿಲ್ಲ ಕಣೇ, ಜನ ಇದ್ದಾರೆ," ಎಂದರು ಅತ್ತೆ ಸೊಸೆಗೆ.

ಅಕ್ಕ ಉಸಿರು ಬಿಟ್ಟಳು. ಬಿಡಬಾರದಿತ್ತು. ಅತ್ತೆ ಬಡಗಿಯ ಅಂಗಳಕ್ಕೆ ನಡೆದು, ಚೌಕಳಿ ಶರ್ಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಪಕ್ಕದ ಅಂಗಳಕ್ಕೆ ಹೋಗಿ ಪ್ಯಾಂಟಿನ ಗೆರೆಯ ಮೇಲೆ ಉಗುರು ಓಡಿಸಿದರು. ಫ್ರಾಕಿನ ನೆರಿಗೆಗಳನ್ನು ನೋಡಿದರು.

"ಅಧ್ಯಕ್ಷರೇ," ಎಂದರು. "ನಮ್ಮ ಕಡೆ ಬಟ್ಟೆ ಒಣಗಿದ ಮೇಲೆ ಇಸ್ತ್ರಿ ಮಾಡ್ತಾರೆ. ಇಲ್ಲಿ ಇಸ್ತ್ರಿ ಮಾಡಿ ಆಮೇಲೆ ಒಣಹಾಕ್ತೀರಾ?"

ಅಧ್ಯಕ್ಷರ ಬಾಯಿ ನೋಯುತ್ತಿದ್ದ ಕಡೆಯೂ ತೆರೆಯಿತು. "ಅದು... ನಮ್ಮೂರ ಪದ್ಧತಿ ಅಮ್ಮಾ. ಹಿಂದಿನಿಂದ ಬಂದಿದ್ದು."

"ಬೀಗಕ್ಕೆ ತುಕ್ಕು ಹಿಡಿಸೋದೂ ಪದ್ಧತಿನಾ?"

ಅಧ್ಯಕ್ಷರು ಹಲ್ಲು ನೋವು ಜಾಸ್ತಿಯಾದವರ ಹಾಗೆ ಕೆನ್ನೆ ಹಿಡಿದುಕೊಂಡರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಡಾಕ್ಟರಮ್ಮ ನಗು ತಡೆಯಲು ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದರು.

ಅಕ್ಕ ಮೆಟ್ಟಿಲಿಳಿದು ಬಂದಳು. "ಅವರನ್ನ ಬಿಡಿ ಅಮ್ಮಾ. ಹಾಕಿದ್ದು ನಾನು."

"ಮೋಸ ಮಾಡೋಳು ಒದ್ದೆ ಮಾಡಿಯಾದ್ರೂ ಹಾಕಬಾರ್ದಿತ್ತೇನಮ್ಮಾ?"

"ಹೊಳೀಲಿಲ್ಲ ಅಂತೇನಿಲ್ಲ," ಎಂದಳು ಅಕ್ಕ. "ಅವರು ನಂಬಿ ಕೊಟ್ಟು ಹೋಗಿರೋ ಬಟ್ಟೆ. ಸುಕ್ಕು ಸುಕ್ಕಾಗಿ ನಾಲ್ಕು ಜನರ ಮುಂದೆ ನೇತುಹಾಕೋಕೆ ಕೈ ಬರ್ಲಿಲ್ಲ."

ಅತ್ತೆ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ಈ ಬೀದೀಲಿ ನಿಜವಾಗ್ಲೂ ಯಾರಿದ್ದಾರೆ?"

"ನಾನು."

"ಮತ್ತೆ?"

"ಆ ಕೊನೇ ಮನೇಲಿ ಒಂದು ಬೆಕ್ಕಿತ್ತು. ಅದೂ ಈಚೆಗೆ ಕಾಣ್ತಿಲ್ಲ."

"ಸರಿ," ಎಂದರು ಅತ್ತೆ. "ಸಂಜೆ ಬಸ್ಸಿಗೆ ಹೊರಡೋಣ ಕಣೇ." ಹಾಗೆಂದು ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು, ಬಸ್ಸಿಗೆ ಇನ್ನೂ ಹೊತ್ತಿತ್ತು. ಕಣ್ಣು ಖಾಲಿ ಹಲಗೆಗಳ ಮೇಲೆ ಓಡಾಡಿತು, ಮೇಜಿನ ಮೇಲೆ ತೀಡಿಟ್ಟಿದ್ದ ಅಧ್ಯಕ್ಷರ ಶರ್ಟಿನ ಕಾಲರಿನ ಮೇಲೆ ನಿಂತಿತು. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಇಟ್ಟರು. ಮತ್ತೆ ಎತ್ತಿದರು. ಕೊನೆಗೆ ಕೋಟು ಬಿಚ್ಚಿ ಮೇಜಿನ ಮೇಲೆ ಹಾಕಿದರು. "ಹೇಗೂ ಕೂತಿದ್ದೀನಿ. ಬಸ್ಸು ಬರೋದ್ರೊಳಗೆ ಇದಕ್ಕೊಂದು ಕೈ ಆಡಿಸಿಕೊಡ್ತೀಯಾ?"

ಕೋಟಿನ ಕೆಲಸ ಎಷ್ಟು ಹೊತ್ತಿನದು? ಇಸ್ತ್ರಿ ಪೆಟ್ಟಿಗೆ ಕಾದೇ ಇತ್ತು. ಅಕ್ಕ ಮನಸ್ಸು ಮಾಡಿದ್ದರೆ ಅತ್ತೆ ಒಮ್ಮೆ ಆಕಳಿಸಿ ಬಾಯಿ ಮುಚ್ಚುವುದರೊಳಗೆ ಮುಗಿಸಿ, ಮಡಚಿ, ಕೈಗೆ ಕೊಡಬಹುದಿತ್ತು. ಆಕೆ ಕೋಟನ್ನು ಮುಟ್ಟಿದಳು. ಒಳ್ಳೆಯ ಉಣ್ಣೆ. ಹೊರಗೆ ನಲ್ಲಿಯಿಂದ ಬಕೆಟ್ಟಿಗೆ ಹನಿ ಬೀಳುತ್ತಿತ್ತು. ಅದರ ಸದ್ದು ಕೇಳಿದಳು. ಇಸ್ತ್ರಿ ಅಂಗಡಿಗಳು ಹುಟ್ಟಿದಂದಿನಿಂದ ಇಸ್ತ್ರಿಯವರೆಲ್ಲ ಹೇಳುತ್ತ ಬಂದ, ಆದರೆ ತಾನು ಮಾತ್ರ ಈವರೆಗೆ ಯಾರಿಗೂ ಹೇಳದ ಮಾತನ್ನು ಹೇಳಿದಳು.

"ನಾಳೆ ಬನ್ನಿ ಅಮ್ಮಾ."

"ನಾಳೆನಾ? ಈ ಒಂದು ಕೋಟಿಗೆ?"

"ಉಣ್ಣೆ ಅಮ್ಮಾ. ಅವಸರ ಮಾಡಿದ್ರೆ ಸುಟ್ಟ ಹಾಗೆ ಹೊಳಪು ಹೊಡೆಯತ್ತೆ. ಬೇಕಾದ್ರೆ ಹಾಗೇ ಬಿಟ್ಟು ಹೋಗಿ. ಮುಂದೆ ಯಾವಾಗಾದ್ರೂ ಬಂದು ತಗೊಂಡು ಹೋಗಿ."

ಆ ಕೊನೆಯ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅಕ್ಕ ನಾಲಿಗೆ ಕಚ್ಚಿಕೊಂಡಳು. ಹಾಗೆ ಬಿಟ್ಟು ಹೋದವರೇ ಅಲ್ಲವೇ ಬೀದಿಯುದ್ದಕ್ಕೂ ನೇತಾಡುತ್ತಿದ್ದುದು. ಅತ್ತೆಯೂ ಅತ್ತ ನೋಡಿದರು. ಗಾಳಿಗೆ ಬಡಗಿಯ ಶರ್ಟು ಸ್ವಲ್ಪವೂ ಮುದುಡದೆ ಕೈ ಬೀಸುತ್ತಿತ್ತು.

"ಬಿಟ್ಟು ಹೋಗೋ ಜಾಯಮಾನ ನಂದಲ್ಲ," ಎಂದರು ಅತ್ತೆ. "ನಾಳೆ ಅಂದ್ರೆ ನಾಳೆ. ಅಧ್ಯಕ್ಷರೇ, ಮಲಗೋಕೆ ಜಾಗ ತೋರ್ಸಿ."

ಬೆಳಗಾಗುವಷ್ಟರಲ್ಲಿ ಡಾಕ್ಟರಮ್ಮ ಊರಲ್ಲೇ ಉಳಿದಿದ್ದಾರೆಂಬ ಸುದ್ದಿ ಟವೆಲ್ಲಿನಿಂದ ಟವೆಲ್ಲಿಗೆ ಹರಡಿತ್ತು. ಬೀದಿಯಲ್ಲಿ ಕೆನ್ನೆ ಊದಿದವರ ಸಾಲು. ಆ ಸಾಲಿನ ಬಾಲ ಪಕ್ಕದೂರಿನಲ್ಲಿತ್ತು, ಯೋಜನೆ ತಮ್ಮೂರಿಗೆ ಬರಲೆಂದು ಕಾಯುತ್ತಿದ್ದವರೂ ಅದರಲ್ಲಿದ್ದರು. ರೋಗಿಯನ್ನು ಮಲಗಿಸಿ ಹಲ್ಲು ಕೀಳುವಷ್ಟು ಎತ್ತರದ ಮೇಜು ಊರಲ್ಲಿ ಇದ್ದದ್ದು ಒಂದೇ. ಮೊದಲು ಅಧ್ಯಕ್ಷರು ಇಸ್ತ್ರಿ ಮೇಜಿನ ಮೇಲೆ ಮಲಗಿದರು. ಅಭ್ಯಾಸಬಲದಿಂದ ಅಕ್ಕ ಅವರ ಮೇಲೆ ನೀರು ಚಿಮುಕಿಸಿದಳು. ಹಲ್ಲು ಕಿತ್ತು ಬಂತು. ಅಧ್ಯಕ್ಷರು ಎರಡೂ ದವಡೆಯಲ್ಲಿ ಮಾತಾಡತೊಡಗಿದರು, ಊರಿನವರಿಗೆ ಆಗ ಸ್ವಲ್ಪ ಪಶ್ಚಾತ್ತಾಪವಾಯಿತು.

ಸಂಜೆ ಅತ್ತೆ ಬಂದು ಕೇಳಿದರು. "ಕೋಟು ಆಯ್ತಾ?"

"ಮೇಜು ಎಲ್ಲಿ ಬಿಡುವಿತ್ತು ಅಮ್ಮಾ? ನೀವೇ ನೋಡಿದ್ರಲ್ಲ. ನಾಳೆ."

"ಇವಳು ಸಾಮಾನ್ಯದವಳಲ್ಲ," ಎಂದರು ಅತ್ತೆ ಸೊಸೆಗೆ. ಹೇಳಿದ ಧಾಟಿಯಲ್ಲಿ ಸಿಟ್ಟಿರಲಿಲ್ಲ. ಮರುದಿನ ಬರುವಾಗ ಸೊಸೆಯ ಎರಡು ಅಂಗಿಗಳನ್ನೂ ತಂದು ಮೇಜಿನ ಮೇಲಿಟ್ಟರು. ಅಂಗಿಗಳು ಆಗಿಂದಾಗಲೇ ಆದವು. ಕೋಟು ಆಗಲಿಲ್ಲ.

ಅದೇ ವಾರ ಡಾಕ್ಟರಮ್ಮ ಬಡಗಿಯ ಮನೆಯ ತುಕ್ಕು ಬೀಗ ಒಡೆಸಿ ಒಳಗೆ ಸೇರಿದರು. ನಲ್ಲಿಯ ನೀರು ನಿಲ್ಲಲಿಲ್ಲ. ಅಕ್ಕ ತಂಗಿಗೆ ಫೋನು ಮಾಡಿ, "ಸದ್ಯಕ್ಕೆ ಬರೋಕಾಗಲ್ಲ ಕಣೇ, ಒಂದು ಕೋಟು ಬಾಕಿ ಇದೆ," ಎಂದಳು. ಅಧ್ಯಕ್ಷರು ದೊಡ್ಡ ಸಭೆಯೊಂದರಲ್ಲಿ ಹಾರ ಹಾಕಿಸಿಕೊಂಡು, ಜನರನ್ನು ಊರಲ್ಲಿ ಉಳಿಸಿಕೊಳ್ಳುವ ಬಗೆಯನ್ನು ಬಹಳ ಹೊತ್ತು ವಿವರಿಸಿದರು. ಅದರಲ್ಲಿ ಇಸ್ತ್ರಿಯ ಪ್ರಸ್ತಾಪ ಬರಲಿಲ್ಲ.

ಇಷ್ಟೆಲ್ಲ ಆಗಿ ಒಂದು ಮಳೆಗಾಲ ಕಳೆದ ಮೇಲೆ ಬಡಗಿ ಬಂದ. ಈಗ ಅವನು ಹೊರಗಿನವನು, ಕಸುಬು ಬಲ್ಲವನು. ಯೋಜನೆ ಅವನಿಗೆ ಮೇಸ್ತ್ರಿಯ ಮನೆಯನ್ನು ಪುಕ್ಕಟೆ ಕೊಟ್ಟು, ಉಳಿ ಗರಗಸಕ್ಕೆ ಸಹಾಯಧನ ಮಂಜೂರು ಮಾಡಿತು. ಊರು ಬಿಡದೆ ಇದ್ದ ಅಕ್ಕನಿಗೆ ಏನೂ ಕೊಡಲಿಲ್ಲ. ಅವನು ಇಕ್ಕಳ ಹಿಡಿದು ಅಂಗಡಿಯ ಮುಂದೆ ನಿಂತು, "ಅಕ್ಕಾ, ನನ್ನ ಚೌಕಳಿ ಶರ್ಟು ಇದೆಯಾ? ಇಲ್ಲಿ ಕೆಲಸ ಸಿಗತ್ತಾ ನೋಡೋಣ ಅಂತ ಬಂದೆ. ಆಗಲಿಲ್ಲ ಅಂದ್ರೆ ಮತ್ತೆ ಹೊರಡೋದೇ," ಎಂದ.

ಶರ್ಟು ಅಕ್ಕನ ಬೆನ್ನ ಹಿಂದಿನ ಹಲಗೆಯಲ್ಲೇ ಇತ್ತು. ಅಂದು ಬೆಳಗ್ಗೆಯಷ್ಟೇ ತೀಡಿದ್ದು, ಇನ್ನೂ ಬೆಚ್ಚಗಿತ್ತು. ಬೆಂಚಿನ ಮೇಲೆ ಕೋಟು ಕೇಳಲು ಬಂದ ಅತ್ತೆ ಟೀ ಕುಡಿಯುತ್ತ ಕೂತಿದ್ದರು. ಅಕ್ಕ ಬಾಯಿ ತೆರೆಯುವ ಮೊದಲೇ ಅವರು ಬಡಗಿಯ ಕಡೆ ತಿರುಗಿ ಹೇಳಿದರು:

"ನಾಳೆ ಬಾಪ್ಪಾ. ಇಲ್ಲಿ ಎಲ್ಲಾದಕ್ಕೂ ಸರದಿ ಇದೆ."