ಗಂಡಸರ ಒದೆಗೆ ಮಾತ್ರ ಏಳುತ್ತಿದ್ದ ಗಾಡಿ

ನಮ್ಮ ಬೀದರ ಜಿಲ್ಲೆಯ ಗಂಡಸರ ಕಾಲಿನಲ್ಲಿ ಅದೇನು ಪವಾಡವಿದೆಯೋ, ಒಂದು ಮಳೆಗಾಲವಿಡೀ ನನ್ನ ಗಾಡಿ ಅವರು ಒದ್ದರೆ ಮಾತ್ರ ಏಳುತ್ತಿತ್ತು. ನಾನು ಮೊಣಕಾಲು ನೋಯುವಷ್ಟು ಕಿಕ್ ಹೊಡೆದರೂ ಕೆಮ್ಮಿ ಸುಮ್ಮನಾಗುತ್ತಿದ್ದ ಆ ಗಾಡಿ, ದಾರಿಹೋಕನೊಬ್ಬ ಬಂದು ಒಂದೆರಡು ಸಲ ಒದ್ದರೆ ಗುಡುಗುಡು ಎನ್ನುತ್ತಿತ್ತು. "ನೋಡ್ರಿ ಅಕ್ಕಾ, ಗಾಡ್ಯಾಗ ಏನೂ ಇಲ್ಲ. ನಿಮಗ ಕಿಕ್ ಹೊಡಿಲಾಕ ಬರಲ್ಲ" ಎಂದು ಅವನು ಮೀಸೆಯಲ್ಲೇ ನಗುತ್ತಿದ್ದ. ನಾನು ಥ್ಯಾಂಕ್ಸ್ ಹೇಳಬೇಕಾಗುತ್ತಿತ್ತು. ಆ ಥ್ಯಾಂಕ್ಸ್ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಔರಾದ ತಾಲ್ಲೂಕಿನಲ್ಲಿ ನರ್ಸ್. ಲಸಿಕೆಯ ಡಬ್ಬಿಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಸಂತಪುರ, ಚಿಂತಾಕಿ ಸುತ್ತಮುತ್ತ ಹಳ್ಳಿ ಹಳ್ಳಿ ತಿರುಗುವುದು ನನ್ನ ಕೆಲಸ. ಮಳೆಗಾಲದಲ್ಲಿ ಆ ಎರೆಮಣ್ಣಿನ ದಾರಿಯಲ್ಲಿ ಸ್ಕೂಟಿಯ ಸಣ್ಣ ಗಾಲಿ ಹೂತು ಹೋಗುತ್ತದೆ. ಅದಕ್ಕೇ ನನ್ನ ಸಂಬಳದಲ್ಲಿ, ಒಬ್ಬರಿಂದ ಒಬ್ಬರಿಗೆ ಕೈ ದಾಟಿ ಬಂದಿದ್ದ ಹಳೆಯ ಮೋಟಾರ್ ಸೈಕಲ್ ಕೊಂಡೆ. ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಅದನ್ನು ಓಡಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಸೇರುತ್ತಿರಲಿಲ್ಲ. ಅದರಲ್ಲೂ ಭಾಲ್ಕಿಯಲ್ಲಿರುವ ನನ್ನ ಗಂಡನ ಅಣ್ಣನಿಗೆ. ನಮ್ಮ ಕುಟುಂಬದಲ್ಲಿ ಭಾವನವರ ಮಾತು ಅಂದರೆ ಚರ್ಚಿನ ಗಂಟೆ. ಹೊಡೆದ ಮೇಲೆ ಎಲ್ಲರೂ ಎದ್ದು ನಿಲ್ಲಲೇಬೇಕು.

ಕಾಯಿಲೆ ಶುರುವಾದದ್ದು ಹೀಗೆ. ಸಂತಪುರದ ದಾರಿಯಲ್ಲಿ ಜೋರು ಮಳೆಗೆ ಸಿಕ್ಕಿ ಟ್ಯಾಂಕಿನೊಳಗೆ ನೀರು ಹೋಯಿತು. ಔರಾದಿನ ಮಿಸ್ತ್ರಿ ಪೆಟ್ರೋಲು ಸೋಸಿ, ಕಾರ್ಬುರೇಟರ್ ತೊಳೆದ. ಅಲ್ಲಿಗೆ ಬಿಟ್ಟಿದ್ದರೆ ಅವನ ಹೊಟ್ಟೆ ತಣ್ಣಗಿರಲಿ ಎನ್ನುತ್ತಿದ್ದೆ. ಮಳೆಗಾಲದಲ್ಲಿ ನಮ್ಮ ಕಡೆ ಟ್ಯಾಂಕಿನ ಬಾಯಿಗೆ ಒಂದು ಪಾಲಿಥಿನ್ ಚೂರು ಹಾಸಿ, ಮೇಲೆ ಮುಚ್ಚಳ ಒತ್ತುವ ರೂಢಿ ಇದೆ. ಬೇರೆಯವರಿಗೆ ಕಿರಾಣಿ ಅಂಗಡಿಯ ತೆಳುವಾದ ಹರಕು ಚೀಲ ಸಾಕು. ನನ್ನ ಮೇಲಿನ ಪ್ರೀತಿಗೆ ಅವನು ಗೊಬ್ಬರದ ಚೀಲದ ಒಳಗಿರುವ ದಪ್ಪ ಹಾಳೆಯನ್ನೇ ಕತ್ತರಿಸಿ ಹಾಸಿದ.

"ಇನ್ನ ಒಂದ್ ಹನಿ ನೀರೂ ಒಳಗ ಹೋಗಲ್ರಿ ಸಿಸ್ಟರ್" ಎಂದ.

ಅಂದಿನಿಂದ ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡುವುದು, ಆಮೇಲೆ ದಮ್ಮು ಕಟ್ಟಿದಂತೆ ಎಳೆಯುವುದು, ಎಕ್ಸಿಲರೇಟರ್ ತಿರುವಿದಷ್ಟೂ ಸೊರಗಿ ನಿಲ್ಲುವುದು. ಟ್ಯಾಂಕು ತುಂಬಿಸಿದ ದಿನವಂತೂ ಇನ್ನೂ ಬೇಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಯಾರಾದರೂ ಬಂದು, "ಪೆಟ್ರೋಲ್ ಅದ ಏನ್ರಿ?" ಎನ್ನುತ್ತ ನನ್ನ ಉತ್ತರಕ್ಕೂ ಕಾಯದೆ ಮುಚ್ಚಳ ತೆಗೆದು, ಟ್ಯಾಂಕು ಅಲುಗಾಡಿಸಿ, ಪಾಲಿಥಿನ್ನನ್ನು ಮತ್ತೆ ಶ್ರದ್ಧೆಯಿಂದ ಹಾಸಿ ಮುಚ್ಚಿ ಕಿಕ್ ಹೊಡೆಯುತ್ತಿದ್ದ. ಗಾಡಿ ಏಳುತ್ತಿತ್ತು.

ಮಿಸ್ತ್ರಿಯ ಹತ್ತಿರ ಒಯ್ದರೆ ಅವನೂ ಮೊದಲು ಮುಚ್ಚಳ ತೆಗೆದು ಇಣುಕಿ, ಬಸ್ ಸ್ಟ್ಯಾಂಡಿಗೆ ಒಂದು ಸುತ್ತು ಹೊಡೆದು ಬಂದು "ಬರಾಬರ್ ಅದಲ್ಲರಿ" ಎನ್ನುತ್ತಿದ್ದ. ಅಷ್ಟು ಸಣ್ಣ ಸುತ್ತಿನಲ್ಲಿ ಅದು ಯಾಕೆ ನಿಲ್ಲುತ್ತದೆ? ಪ್ಲಗ್ ಬದಲಿಸಿದ, ಕಾಯಿಲ್ ಬದಲಿಸಿದ, ಏರ್ ಫಿಲ್ಟರ್ ಬದಲಿಸಿದ. ಬೀದರಿನ ಇನ್ನೊಬ್ಬ ಕಾರ್ಬುರೇಟರನ್ನೇ ಬದಲಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕೊನೆಗೆ ಇಬ್ಬರೂ ಒಂದೇ ತೀರ್ಪು ಕೊಟ್ಟರು: ನಾನು ಕ್ಲಚ್ ಹಿಡಿದೇ ಓಡಿಸುತ್ತೇನೆ, ಗೇರ್ ತಪ್ಪು ಹಾಕುತ್ತೇನೆ, ಹೆಣ್ಣುಮಕ್ಕಳಿಗೆ ಇದೆಲ್ಲ ಆಗದ ಮಾತು. ಎಷ್ಟು ದೂರ ಹೋದ ಮೇಲೆ ನಿಲ್ಲುತ್ತದೆ, ಏನು ಮಾಡಿದರೆ ಏಳುತ್ತದೆ ಎಂದು ಒಬ್ಬನೂ ನನ್ನನ್ನು ಕೇಳಲಿಲ್ಲ. ಹೊಟ್ಟೆನೋವೆಂದು ಬಂದ ಮುದುಕಿಯನ್ನೂ ನಾವು ಉಂಡ ಮೇಲೆ ನೋವೋ, ಉಣ್ಣುವ ಮೊದಲೋ ಎಂದು ಕೇಳುತ್ತೇವೆ.

ಒಂದು ದಿನ ಚಿಂತಾಕಿಯಲ್ಲಿ ತಾಯಂದಿರು ಕೂಸುಗಳನ್ನು ಕಟ್ಟಿಕೊಂಡು ಕಾದು ಕಾದು ಮನೆಗೆ ಹೋಗಿಬಿಟ್ಟರು. ನಾನು ದಾರಿಯಲ್ಲಿ ಒದೆಯುತ್ತ ನಿಂತಿದ್ದೆ. ಸುದ್ದಿ ಭಾವನವರಿಗೆ ಮುಟ್ಟಿತು. ಗಾಡಿ ಮಾರಿಸಿ, ನನ್ನನ್ನು ಬೀದರಿಗೆ ಆಫೀಸಿನ ಕೆಲಸಕ್ಕೆ ಹಾಕಿಸಿಬಿಡಬೇಕೆಂದು ಅವರು ಮೊದಲಿನಿಂದಲೂ ಅನ್ನುತ್ತಿದ್ದರು. ಈಗ ಭಾಲ್ಕಿಯಲ್ಲಿ ಗಿರಾಕಿಯನ್ನೂ ಹುಡುಕಿದರು. ಬೀದರಿನಲ್ಲಿ ಮಾಸ್ತರನಾಗಿರುವ ನನ್ನ ಗಂಡ, "ಅಣ್ಣ ಹೇಳೂದು ಖರೇ ಅದ. ನಡುದಾರ್ಯಾಗ ಕೈ ಕೊಡೋ ಗಾಡಿ ಯಾಕ ಬೇಕು?" ಎಂದ. ರವಿವಾರ ಚರ್ಚು ಮುಗಿಸಿಕೊಂಡು ಅವನು ಬೀದರಿನಿಂದ ರೈಲಿಗೆ ಭಾಲ್ಕಿಗೆ ಹೋಗುವುದು, ನಾನು ಔರಾದಿನಿಂದ ಗಾಡಿ ತರುವುದು ಎಂದಾಯಿತು. ನನ್ನ ಹಳ್ಳಿಗಳನ್ನು ನಾನೇ ಓಡಿಸಿಕೊಂಡು ಹೋಗಿ ಒಪ್ಪಿಸಿ ಬರುವ ಕೆಲಸ!

ಭಾಲ್ಕಿ ದಾರಿಯಲ್ಲಿ, ಎರಡೂ ಕಡೆ ಕಬ್ಬು ಬೆಳೆದ ಜಾಗದಲ್ಲಿ ಅದು ಮತ್ತೆ ನಿಂತಿತು. ನರಪಿಳ್ಳೆ ಇಲ್ಲ. ಸಿಟ್ಟು ನೆತ್ತಿಗೇರಿ ಅತ್ತೂಬಿಟ್ಟೆ. ನೂಕಿಕೊಂಡು ಹೋದರೆ ಭಾವನವರು ಮೊದಲು ಕೇಳುವುದೇ "ಪೆಟ್ರೋಲ್ ಅದ ಏನವಾ?" ಎಂದು. ಆ ಬಾಯಿಯನ್ನಾದರೂ ಮುಚ್ಚಿಸೋಣವೆಂದು, ಅಷ್ಟು ದಿನಗಳಲ್ಲಿ ದಾರಿಯ ಮೇಲೆ ಮೊದಲ ಸಲ ಮುಚ್ಚಳವನ್ನು ನಾನೇ ತೆಗೆದೆ. ಪಾಲಿಥಿನ್ ಟ್ಯಾಂಕಿನ ಬಾಯೊಳಗೆ ಕುಳಿ ಬಿದ್ದು ಕೂತಿತ್ತು. ಎತ್ತಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಪೆಟ್ರೋಲು ಬೇಕಾದಷ್ಟಿತ್ತು. ಮತ್ತೆ ಹಾಸಿ, ಮುಚ್ಚಿ, ಕಿಕ್ ಹೊಡೆದೆ.

ಗಾಡಿ ಎದ್ದಿತು. ನನ್ನ ಕಾಲಿಗೆ, ಗಂಡಸರಿಲ್ಲದ ದಾರಿಯಲ್ಲಿ.

ನಾನು ಏನು ಮಾಡಿದೆ? ಮುಚ್ಚಳ ತೆಗೆದೆ, ಅಷ್ಟೇ. ಎಲ್ಲರೂ ಮಾಡಿದ್ದು ಅಷ್ಟೇ! ಆಗ ವಾರ್ಡಿನ ಸಲೈನ್ ಬಾಟಲಿ ನೆನಪಾಯಿತು. ಬಾಟಲಿ ತುಂಬ ನೀರಿದ್ದರೂ ಹನಿ ನಿಂತರೆ ನಾವು ಮೇಲುಗಡೆ ಒಂದು ಸೂಜಿ ಚುಚ್ಚುತ್ತೇವೆ. ಗಾಳಿ ಒಳಗೆ ಹೋಗದೆ ನೀರು ಕೆಳಗಿಳಿಯದು. ಟ್ಯಾಂಕಿನ ಮುಚ್ಚಳದಲ್ಲೂ ಅಂಥದೇ ಸಣ್ಣ ತೂತು ಇತ್ತು, ಆ ದಪ್ಪ ಹಾಳೆ ಅದಕ್ಕೆ ಅಡ್ಡ ಕೂತಿತ್ತು. ಟ್ಯಾಂಕು ತುಂಬಿದ ದಿನ ಒಳಗೆ ಉಳಿದ ಗಾಳಿಯೇ ಕಡಿಮೆ, ಸ್ವಲ್ಪ ಪೆಟ್ರೋಲು ಇಳಿದರೆ ಸಾಕು ಅದು ಎಳೆದು ಹಿಡಿಯುತ್ತಿತ್ತು, ಅದಕ್ಕೇ ಬೇಗ ನಿಲ್ಲುತ್ತಿತ್ತು.

ಆದರೂ ಅನುಮಾನ ಉಳಿಸಿಕೊಳ್ಳಬಾರದೆಂದು ಹಾಳೆಯ ಸಮೇತವೇ ಓಡಿಸಿದೆ. ಸ್ವಲ್ಪ ದೂರದಲ್ಲಿ ಸೊರಗಿ ನಿಂತಿತು. ಹಾಳೆ ಕಿತ್ತು ಚೀಲಕ್ಕೆ ಹಾಕಿಕೊಂಡು ಬರೀ ಮುಚ್ಚಳ ಒತ್ತಿದೆ. ಅಲ್ಲಿಂದ ಭಾಲ್ಕಿಯ ರೈಲ್ವೆ ಗೇಟಿನವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ಹೆಲ್ಮೆಟ್ಟಿನೊಳಗೆ ಒಬ್ಬಳೇ ನಗುತ್ತಿದ್ದೆ, ಬಯ್ಯುತ್ತಲೂ ಇದ್ದೆ.

ಭಾವನವರ ಅಂಗಳದಲ್ಲಿ ಗಿರಾಕಿ, ಭಾವ, ನನ್ನ ಗಂಡ ಮೂವರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಇಳಿಯುವುದಕ್ಕೂ ಪುರುಸೊತ್ತಿಲ್ಲದೆ ಹಾಳೆ ತೋರಿಸಿ ಎಲ್ಲ ಹೇಳಿದೆ. ಭಾವನವರು ಕಿವಿಗೊಟ್ಟು ಕೇಳಿದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಮುಖ ಅರಳಿತು.

"ಭಾಳ ಛಲೋ ಆಯ್ತು ನೋಡವಾ. ಸುಧಾರಿಸಿದ ಗಾಡಿ, ರೇಟೂ ಛಲೋ ಬರ್ತದ" ಎಂದರು.

ನಾನು ಗಂಡನ ಕಡೆ ನೋಡಿದೆ. ಅವನು ಬಸಿಯಲ್ಲಿ ಚಹಾ ಆರಿಸುತ್ತಿದ್ದ.

"ಕೆಟ್ಟಾಗ ಕೆಟ್ಟದ ಅಂತ ಮಾರು ಅಂದ್ರಿ. ಈಗ ಛಲೋ ಅದ ಅಂತ ಮಾರು ಅಂತೀರಿ" ಎಂದೆ. "ಹಂಗಾರ ಗಾಡಿ ಮಾತು ಯಾಕ ತೆಗೀತೀರಿ ಭಾವಾರ? ಈಕಿ ಹಳ್ಳಿ ತಿರಗೂದು ಬ್ಯಾಡ ಅಂತ ನೆಟ್ಟಗ ಹೇಳ್ರಿ, ಕೇಳ್ತೇನಿ."

ಗಿರಾಕಿ ತನ್ನ ಚಪ್ಪಲಿ ಹುಡುಕತೊಡಗಿದ. ಆಗ ನನ್ನ ಗಂಡ ಬಾಯಿಬಿಟ್ಟ. ಅವನು ನನ್ನ ಪರವಾಗಿ ಏನಾದರೂ ಹೇಳುತ್ತಾನೆಂದು ನಾನು, ದೇವರಾಣೆ, ಕಾದೆ.

"ಇಷ್ಟ್ಯಾಕ ಸಿಟ್ಟಾಗ್ತಿ? ರಿಪೇರಿ ಆಯ್ತಲ್ಲ" ಎಂದ.

ನಡುದಾರಿಯಲ್ಲಿ ಕೈ ಕೊಟ್ಟ ಗಾಡಿಯ ಮೇಲೆ ನನಗೆ ಅಷ್ಟು ಸಿಟ್ಟು ಒಮ್ಮೆಯೂ ಬಂದಿರಲಿಲ್ಲ. ನನಗೆಂದು ಖಾಲಿ ಕುರ್ಚಿಯ ಮೇಲೆ ತಂದಿಟ್ಟಿದ್ದ ಚಹಾ ಅಲ್ಲೇ ಉಳಿಯಿತು. ಮಾರನೆಯ ದಿನ ಚಿಂತಾಕಿಯಲ್ಲಿ ಲಸಿಕೆ ಇತ್ತು. ಗಾಡಿ ತಿರುಗಿಸಿಕೊಂಡು ಔರಾದಿನ ದಾರಿ ಹಿಡಿದೆ.